ಅಳಿಯನ ಡ್ರೈಸೂಟೂ ಭಾವನ ಕಿವಿಯೂ

ನಮ್ಮ ಭಾವನ ಕಿವಿಯ ಬಗ್ಗೆ ಗೌರವವಿಲ್ಲದವರು ಈ ಕಥೆಯನ್ನು ಓದುವ ಅಗತ್ಯವಿಲ್ಲ. ಅಕ್ಕ ಮೊದಲುಗೊಂಡು ಅಂಥವರು ಊರಿನಲ್ಲಿ ಸಾಕಷ್ಟು ಜನ ಇದ್ದಾರೆ. ಅವರ ಪಾಡಿಗೆ ಅವರಿರಲಿ.

ಭಾವ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹಿಡಿಯುವ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಯಿತು. ಆ ಕೆಲಸದ ಸಾಮಾನು ಒಂದೇ. ಎದೆಯೆತ್ತರದ ಕಬ್ಬಿಣದ ಸರಳು, ಅದರ ಮೇಲ್ತುದಿಗೆ ಕಿವಿ ಹಿಡಿಸುವಷ್ಟು ದೊಡ್ಡ ಮರದ ಬಟ್ಟಲು. ಸರಳನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತರೆ ನೆಲದಡಿಯ ಕೊಳವೆಯಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂಬುದು ಅವರಿಗೆ ಕೇಳಿಸುತ್ತದೆ. ಲಾರಿಗಳು ಹಾರ್ನ್ ಹೊಡೆಯುತ್ತಾ ಅವರನ್ನು ಸುತ್ತಿಕೊಂಡು ಹೋಗುತ್ತವೆ, ಭಾವ ಕದಲುವುದಿಲ್ಲ. ಕೊನೆಗೆ ಕಣ್ಣು ತೆರೆದು "ಇಲ್ಲಿ ಅಗೀರಿ" ಎನ್ನುತ್ತಾರೆ. ಅಗೆದರೆ ಹತ್ತರಲ್ಲಿ ಏಳು ಸಲ ಅಲ್ಲಿ ಸೋರಿಕೆ ಇರುತ್ತದೆ. ಉಳಿದ ಮೂರು ಸಲ ಏನಿತ್ತು ಎಂದು ಕೇಳಿದವರ ಜೊತೆ ಅವರು ಮಾತು ಬಿಟ್ಟಿದ್ದಾರೆ. ನಮ್ಮ ಕಟ್ಟಡದಲ್ಲಿ ಅವರಿಗೆ 'ಕಿವಿ ಸಾಹೇಬರು' ಎಂದೇ ಹೆಸರು. ನಾನು ಅಕ್ಕನ ತಮ್ಮ, ಅದೇ ಕಟ್ಟಡದಲ್ಲಿ ಒಂದು ಮಹಡಿ ಮೇಲೆ ಇರುವವನು. ಹೀಗಾಗಿ ಭಾವನ ಯಾವ ಸಾಹಸದಿಂದಲೂ ನಾನು ತಪ್ಪಿಸಿಕೊಂಡದ್ದಿಲ್ಲ.

ಒಂದು ಭಾನುವಾರ ಅಕ್ಕನ ಮಗಳೂ ಅಳಿಯನೂ ಊಟಕ್ಕೆ ಬಂದಿದ್ದರು. ಅವರ ಮದುವೆಯಾಗಿ ಏಳು ತಿಂಗಳು. ಅಳಿಯ ಮುಳುಗುಗಾರ. ಊರಿಗೆ ನೀರು ಕೊಡುವ ಜಲಾಶಯದ ತಳಕ್ಕಿಳಿದು, ದೊಡ್ಡ ಕೊಳವೆಯ ಬಾಯಿಗಿರುವ ಕಬ್ಬಿಣದ ಜಾಲರಿಗೆ ಕಟ್ಟಿಕೊಂಡ ಪಾಚಿ, ಕಸ ಕಡ್ಡಿ ತೆಗೆಯುವುದು ಅವನ ಕೆಲಸ. ಅಷ್ಟು ಆಳದಲ್ಲಿ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಅದಕ್ಕಾಗಿ ಅವನಿಗೊಂದು ಡ್ರೈಸೂಟ್ ಇದೆ. ಕುತ್ತಿಗೆಯಿಂದ ಬೂಟಿನವರೆಗೆ ಒಂದೇ ಉಡುಪು, ಕುತ್ತಿಗೆಗೂ ಮಣಿಕಟ್ಟುಗಳಿಗೂ ಚರ್ಮಕ್ಕೆ ಅಂಟಿ ಕೂರುವ ತೆಳು ರಬ್ಬರ್ ಪಟ್ಟಿ. ಒಳಗೆ ಬೆಚ್ಚನೆಯ ಬಟ್ಟೆ ತೊಟ್ಟು ಇಳಿದವನು, ಒಂದು ಹನಿಯೂ ತಾಗದೆ, ಹೋದ ಹಾಗೆಯೇ ಒಣ ಮೈಯಲ್ಲಿ ಮೇಲೆ ಬರಬೇಕು. ನೀರಿನೊಳಗೆ ಮಾತಾಡುವ ಹಾಗಿಲ್ಲವಲ್ಲ, ಆ ಅಭ್ಯಾಸವನ್ನು ಅಳಿಯ ದಡದ ಮೇಲೂ ಇಟ್ಟುಕೊಂಡಿದ್ದ.

ಊಟದ ನಡುವೆ ಅವನು ಎರಡು ಸಲ ಕೆಮ್ಮಿದ.

"ಇವರ ಸೂಟ್ ಸೋರ್ತಿದೆ ಅಪ್ಪ," ಎಂದಳು ಮಗಳು. "ಪ್ರತಿ ಸಲ ಎಡಗೈ ಪೂರ್ತಿ ತೊಯ್ದುಕೊಂಡು ಬರ್ತಾರೆ. ಶುಕ್ರವಾರ ದೊಡ್ಡ ಎಂಜಿನಿಯರ್ ಎದುರಿಗೆ ಇಳೀಬೇಕು. ಇನ್ನೊಂದು ಸಲ ಒದ್ದೆಯಾಗಿ ಬಂದ್ರೆ ನೀರಿಗೇ ಇಳಿಸಲ್ಲ, ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತ್ಕೊ ಅಂದಿದ್ದಾರಂತೆ ಮೇಲ್ವಿಚಾರಕರು."

ಹಗ್ಗ ಹಿಡಿಯುವುದು ಕೆಟ್ಟ ಕೆಲಸವೇನಲ್ಲ. ಆದರೆ ಅಳಿಯ ಬುದ್ಧಿ ಬಂದಾಗಿನಿಂದ ನೀರಿನ ತಳವನ್ನು ಬಿಟ್ಟು ಇನ್ನೇನನ್ನೂ ಆಸೆಪಟ್ಟವನಲ್ಲ. ಅವನು ತಟ್ಟೆಯನ್ನೇ ನೋಡುತ್ತಾ ಕುಳಿತ.

ಭಾವ ಚಮಚವನ್ನು ಕೆಳಗಿಟ್ಟರು. "ಏನಂದೆ? ಸೋರಿಕೆನಾ?"

"ರಿಪೇರಿಗೆ ಕಳಿಸಿದ್ರೆ ಒಂದು ತಿಂಗಳು ಬೇಕಂತೆ."

"ಎಲ್ಲಿಗೋ ಯಾಕೆ ಕಳಿಸ್ಬೇಕು? ಮನೇಲಿ ನಾನು ಇಲ್ವಾ?"

"ಅಲ್ಲ ಮಾವ, ಅದು..." ಎಂದ ಅಳಿಯ.

"ನೀನು ಸುಮ್ನಿರು. ಒದ್ದೆ ಆಗೋದು ಎಡಗೈ ತಾನೆ? ಹಾಗಾದ್ರೆ ಎಡಗೈಲಿ ಸೋರಿಕೆ ಇಲ್ಲ ಅಂತಾಯ್ತು. ನೀರು ನುಗ್ಗೋದು ಒಂದು ಕಡೆ, ಹೋಗಿ ಕೂರೋದು ಇನ್ನೊಂದು ಕಡೆ. ಒದ್ದೆ ಆದ ಜಾಗ ಅಗೆಯೋನು ದಡ್ಡ. ಮೂವತ್ತೊಂದು ವರ್ಷದಿಂದ ನೋಡ್ತಿದ್ದೀನಿ."

"ಹೌದು ಮಾವ, ಆದ್ರೆ..."

"ಗುರುವಾರ ಸಂಜೆ ನಿನ್ನ ಕೈಗೆ ಕೊಡ್ತೀನಿ. ಒಣಗಿದ ಸೂಟ್."

ಅಳಿಯ ಮೂರನೆಯ ಸಲ ಬಾಯಿ ತೆರೆದ. ಇನ್ನೂ ಹಸಿವಾಗಿದೆಯೆಂದು ತಿಳಿದು ಅಕ್ಕ ಅವನ ತಟ್ಟೆಗೆ ಇನ್ನೊಂದಷ್ಟು ಬಡಿಸಿಬಿಟ್ಟಳು.

ಸೋಮವಾರದಿಂದ ಭಾವ ರಜೆ ಹಾಕಿದರು. ಅರ್ಜಿಯಲ್ಲಿ ಕಾರಣ 'ಮನೆಯಲ್ಲಿ ಸೋರಿಕೆ' ಎಂದು ಬರೆದದ್ದರಿಂದ ಕಚೇರಿಯವರಿಗೆ ವಾರವಿಡೀ ನಗಲು ಒಂದು ನೆಪ ಸಿಕ್ಕಿತು. ಬೆಳಿಗ್ಗೆ ಒಂಬತ್ತಕ್ಕೇ ನನಗೆ ಕರೆ ಬಂತು. ನನ್ನ ಪಾಲಿಗೆ ಸೈಕಲ್ ಪಂಪು.

ವಿಧಾನ ಸರಳವಾಗಿತ್ತು. ಸೂಟಿನ ಎರಡು ಮಣಿಕಟ್ಟುಗಳಿಗೆ ಅಕ್ಕನ ಎರಡು ಎಣ್ಣೆ ಬಾಟಲಿ ತುರುಕಿ, ಕುತ್ತಿಗೆಗೆ ಅವಳ ದೊಡ್ಡ ಸ್ಟೀಲ್ ಡಬ್ಬ ಕೂರಿಸಿ, ಮೂರಕ್ಕೂ ಹಗ್ಗ ಬಿಗಿದರು. ಬಳಿಕ ಎದೆಯ ಮೇಲಿನ ವಾಲ್ವ್‌ಗೆ ಪಂಪು ಸಿಕ್ಕಿಸಿ ನನಗೆ ಕಣ್ಸನ್ನೆ ಮಾಡಿದರು. ನಾನು ಆರುನೂರರವರೆಗೆ ಎಣಿಸಿದೆ, ಆಮೇಲೆ ಎಣಿಸುವ ಶಕ್ತಿ ಉಳಿಯಲಿಲ್ಲ. ಸೂಟು ಮೊದಲು ಕಾಲು ಚಾಚಿತು, ಆಮೇಲೆ ಹೊಟ್ಟೆ ಬಿಟ್ಟಿತು, ಕೊನೆಗೆ ಎರಡೂ ಕೈ ಅಗಲಿಸಿ ಕಿಟಕಿಯ ಪಕ್ಕದ ಕುರ್ಚಿಯ ತುಂಬ ಕುಳಿತುಕೊಂಡಿತು. ಮನೆಯಲ್ಲಿ ಅಷ್ಟು ದಷ್ಟಪುಷ್ಟವಾದವರು ಅದುವರೆಗೆ ಯಾರೂ ಕುಳಿತಿರಲಿಲ್ಲ.

ಭಾವ ಗೋಡೆಗೆ ಒರಗಿಸಿದ್ದ ಸರಳು ತಂದು, ಒಂದು ತುದಿಯನ್ನು ಸೂಟಿನ ಎದೆಗೆ ತಾಗಿಸಿ, ಬಟ್ಟಲಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದರು. ನೆಲದೊಳಗಿನ ಕೊಳವೆಗೂ ಕುರ್ಚಿಯ ಮೇಲಿನ ಉಡುಪಿಗೂ ಅವರ ಕಣ್ಣಿನಲ್ಲಿ, ಅಲ್ಲ, ಅವರ ಕಿವಿಯಲ್ಲಿ ಭೇದವಿರಲಿಲ್ಲ.

ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಿವೃತ್ತ ಟೀಚರಮ್ಮನಿಗೆ ಕಂಡದ್ದು ಇಷ್ಟು: ಮೈಯೆಲ್ಲ ಊದಿಕೊಂಡ ಒಬ್ಬ ಮನುಷ್ಯ, ತಲೆಗೆ ಡಬ್ಬ ಕವುಚಲಾಗಿದೆ, ಕುತ್ತಿಗೆಗೆ ಹಗ್ಗ. ಕಿವಿ ಸಾಹೇಬರು ಅವನ ಎದೆಗೆ ಕಬ್ಬಿಣ ಒತ್ತಿ ಬೇಸರದಿಂದ ತಲೆಯಾಡಿಸುತ್ತಿದ್ದಾರೆ. ಟೀಚರಮ್ಮ ಅವಸರದ ತೀರ್ಮಾನಕ್ಕೆ ಬರುವವರಲ್ಲ. ಪೂರ್ತಿ ಹತ್ತು ನಿಮಿಷ ನೋಡಿದರು. ಆ ಮನುಷ್ಯ ಒಂದು ಸಲವೂ ಅಲುಗಾಡಲಿಲ್ಲ. ಆಗ ಕೆಳಗಿಳಿದು ಬಂದು ಕಟ್ಟಡದ ಸಂಘದ ಕಾರ್ಯದರ್ಶಿಗಳನ್ನು ಎಬ್ಬಿಸಿದರು.

ಕಾರ್ಯದರ್ಶಿಗಳು ನಿಯಮದ ಮನುಷ್ಯ. ಒಂದು ರಾತ್ರಿಗಿಂತ ಹೆಚ್ಚು ತಂಗುವ ಅತಿಥಿಯ ಹೆಸರು, ವಯಸ್ಸು, ಸಂಬಂಧ ಬರೆಯಿಸಬೇಕೆಂದು ಅವರೇ ಒಂದು ಪುಸ್ತಕ ಇಟ್ಟಿದ್ದರು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಟೀಚರಮ್ಮನೊಂದಿಗೆ ಬಂದು ಬಾಗಿಲು ತಟ್ಟಿದರು. ಅಕ್ಕ ತೆರೆದಳು.

"ಒಳಗೆ ಯಾರಿದ್ದಾರೆ?"

"ನನ್ನ ಕೇಳ್ಬೇಡಿ," ಎಂದಳು ಅಕ್ಕ. "ನನ್ನ ಎರಡು ಬಾಟಲಿ, ಒಂದು ಡಬ್ಬ ವಾಪಸ್ ಬಂದ್ರೆ ನನಗೆ ಸಾಕು. ಆಮೇಲೆ ಅದನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ಒಳಕೋಣೆಯ ಬಾಗಿಲು ಅರೆ ಮುಚ್ಚಿತ್ತು. ನಮಗೆ ಇವರು ಬಂದದ್ದೇ ತಿಳಿಯದು.

"ಎದೆ ಭಾಗ ಗಟ್ಟಿಯಾಗಿದೆ," ಎನ್ನುತ್ತಿದ್ದರು ಭಾವ. "ತೊಡೆ ಸಂದಿಯಲ್ಲಿ ಗಾಳಿ ಹೋಗ್ತಿದೆ. ಕುತ್ತಿಗೆಗೆ ಇನ್ನೊಂದು ಸುತ್ತು ಬಿಗಿ."

"ಇನ್ನೂ ಪಂಪ್ ಮಾಡ್ಲಾ ಭಾವ?"

"ಸಾಕು, ಹೊಟ್ಟೆ ಒಡೆದುಹೋದೀತು. ಇವತ್ತು ಹೀಗೇ ಕೂತಿರಲಿ. ನಾಳೆ ಒಳಗಿಂದು ಹೊರಗೆ ತಿರುವಿ ಅಂಟು ಹಾಕೋಣ. ಶುಕ್ರವಾರ ಜಲಾಶಯಕ್ಕೆ ಇಳಿಸಿಬಿಟ್ರೆ ನಮ್ಮ ಕೆಲಸ ಮುಗೀತು."

ಹೊರಗೆ ಕಾರ್ಯದರ್ಶಿಗಳು ಪುಸ್ತಕ ತೆರೆದು ನೋಡಿದರು. ಇದನ್ನೆಲ್ಲ ಬರೆಯಲು ಅದರಲ್ಲಿ ಅಂಕಣವೇ ಇರಲಿಲ್ಲ. ಅವರು ಸದ್ದಿಲ್ಲದೆ ಪುಸ್ತಕ ಮುಚ್ಚಿ ಮೆಟ್ಟಿಲಿಳಿದರು. ಟೀಚರಮ್ಮ ಅವರಿಗಿಂತ ಮೊದಲೇ ಇಳಿದಾಗಿತ್ತು.

ಮಂಗಳವಾರ ಬೆಳಿಗ್ಗೆ ಪೊಲೀಸ್ ಪೇದೆ ಬಂದರು. ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ಟೀಚರಮ್ಮ, ಆಮೇಲೆ ಕಟ್ಟಡದಲ್ಲಿ ಕೈಕಾಲು ಸರಿಯಿದ್ದವರೆಲ್ಲ. ರಾತ್ರಿಯಿಡೀ ಕುಗ್ಗಿದ್ದ ಸೂಟಿಗೆ ನಾನು ಆಗತಾನೆ ಮತ್ತೆ ಗಾಳಿ ತುಂಬಿ ಮುಗಿಸಿದ್ದೆ, ನಿನ್ನೆಗಿಂತ ಸ್ವಲ್ಪ ಹೆಚ್ಚೇ.

ಪೇದೆ ಕೋಣೆಯ ಹೊಸ್ತಿಲಲ್ಲಿ ನಿಂತು ಕುರ್ಚಿಯಲ್ಲಿದ್ದವರ ಬೆನ್ನನ್ನು ನೋಡಿದರು. "ಅವರನ್ನ ಎದ್ದು ನಿಲ್ಲೋಕೆ ಹೇಳಿ."

"ಏಳಲ್ಲ," ಎಂದರು ಭಾವ, ಕಣ್ಣು ಮುಚ್ಚಿಯೇ. "ಶಬ್ದ ಮಾಡ್ಬೇಡಿ. ಮೊಣಕಾಲ ಹತ್ರ ಏನೋ ಹೇಳ್ತಿದೆ."

ಪೇದೆ ಮುಂದೆ ಬಂದು, ವಿಚಾರಣೆಯ ಮೊದಲ ಹೆಜ್ಜೆಯಾಗಿ ಆ ಹೆಗಲಿನ ಮೇಲೆ ಕೈಯಿಟ್ಟರು. ಅಷ್ಟೇ ಸಾಕಾಯಿತು. ಡಬ್ಬ ಫಟ್ಟನೆ ಹಾರಿ ಛಾವಣಿಗೆ ಬಡಿಯಿತು. ತಲೆಯಿಲ್ಲದ ಆ ಭಾರಿ ಮೈ ಉಸ್ಸೆಂದು ನಿಟ್ಟುಸಿರು ಬಿಡುತ್ತಾ ಕುರ್ಚಿಯಿಂದೆದ್ದು, ತಿರುಗಿ, ಎರಡೂ ಬಾಟಲಿ ಕೈಗಳನ್ನು ಪೇದೆಯ ಕುತ್ತಿಗೆಗೆ ಹಾಕಿ, ಅವರ ಎದೆಯ ಮೇಲೆ ನಿಧಾನವಾಗಿ ಕರಗಿತು. ಹಿಂದೆ ನಿಂತವರು ಕಾಲಿಗೆ ಬುದ್ಧಿ ಹೇಳಿದರು. ಪೇದೆ ಓಡಲಿಲ್ಲ. ಅದು ಧೈರ್ಯವೆಂದು ಅವರು ಆಮೇಲೆ ಹೇಳಿಕೊಂಡರು, ಆದರೆ ಅಪ್ಪಿಕೊಂಡವರನ್ನು ಬಿಡಿಸಿಕೊಂಡು ಓಡುವುದು ಯಾರಿಗೂ ಕಷ್ಟವೇ.

ಗಾಳಿಯೆಲ್ಲ ಹೋಗಿ ಸೂಟು ಅವರ ಬೂಟಿನ ಮೇಲೆ ಮುದುಡಿ ಬಿದ್ದಾಗ ಪೇದೆ ಟೋಪಿ ತೆಗೆದು, ಅದೇ ಕುರ್ಚಿಯಲ್ಲಿ ಕುಳಿತು, ಅಕ್ಕ ಕೊಟ್ಟ ನೀರು ಕುಡಿದರು. ಭಾವ ವಿಷಯ ವಿವರಿಸಿದರು. ಅಳಿಯ, ಶುಕ್ರವಾರ, ಹಗ್ಗ, ಎಲ್ಲವನ್ನೂ ಹೇಳಿದರು. ಪೇದೆ ಲೋಟ ಕೆಳಗಿಟ್ಟು ಕೇಳಿದರು: "ಸೋಪಿನ ನೀರು ಹಾಕಿ ನೋಡಿದ್ರಾ?"

"ಸೋಪಾ?"

"ಸೈಕಲ್ ಟ್ಯೂಬಿಗೆ ಹಾಕ್ತೀವಲ್ಲ. ತೂತು ಇದ್ದ ಕಡೆ ಗುಳ್ಳೆ ಏಳುತ್ತೆ."

ಭಾವನ ಮುಖ ಸಣ್ಣದಾಯಿತು. ಮೂವತ್ತೊಂದು ವರ್ಷದ ಕಿವಿಯ ಎದುರು ಯಾರೋ ಬಂದು ಸೋಪಿನ ಮಾತೆತ್ತುವುದೆಂದರೆ ಸಣ್ಣ ಅವಮಾನವಲ್ಲ. ಆದರೆ ಗುರುವಾರ ಹತ್ತಿರ ಬರುತ್ತಿತ್ತು, ಮತ್ತು ತೊಡೆ, ಮೊಣಕಾಲು, ಬೆನ್ನು ಮೂರೂ ಕಡೆ ಅವರಿಗೆ ಕೇಳಿಸಿದ ಸದ್ದು ಪಕ್ಕದ ಮನೆಯ ಫ್ರಿಜ್ಜಿನದೆಂದು ನನಗೆ ಆಗಲೇ ಅನುಮಾನ ಬಂದಿತ್ತು. ಪೇದೆ ಕಚ್ಚೆ ಕಟ್ಟಿ ನಿಂತರು. ಓಡಿಹೋದವರು ಒಬ್ಬೊಬ್ಬರಾಗಿ ಮರಳಿ ಬಂದರು. ತಪ್ಪು ತಿಳಿದುಕೊಂಡ ನಾಚಿಕೆಗೆ ಎಲ್ಲರಿಗೂ ಏನಾದರೂ ಕೆಲಸ ಬೇಕಾಗಿತ್ತು.

ಹೀಗೆ ಸೂಟು ತಾರಸಿಗೆ ಏರಿತು. ಕಾರ್ಯದರ್ಶಿಗಳು ಬಕೆಟ್ಟಿನಲ್ಲಿ ಸೋಪು ಕದಡಿದರು, ಬೇಕಾದುದಕ್ಕಿಂತ ನಾಲ್ಕು ಪಟ್ಟು. ಪೇದೆ ಬ್ರಷ್ಷಿನಿಂದ ಬಳಿದರು. ನಾನು ಎಂದಿನಂತೆ ಪಂಪು. ಗುಳ್ಳೆ ಕಂಡಲ್ಲೆಲ್ಲ ಭಾವ ಸೀಮೆಸುಣ್ಣದಿಂದ ಸುತ್ತು ಹಾಕಿದರು, ಟೀಚರಮ್ಮ ಅದಕ್ಕೊಂದು ನಂಬರು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅಷ್ಟು ಸೋಪು ಬಳಿದರೆ ಬರಿಯ ಗೋಡೆಯ ಮೇಲೂ ಗುಳ್ಳೆ ಏಳುತ್ತದೆ ಎಂಬ ಸಂಗತಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆ ಉತ್ಸಾಹಕ್ಕೆ ತಣ್ಣೀರು ಎರಚುವ ಧೈರ್ಯ ಯಾರಿಗಿತ್ತು? ಮಧ್ಯಾಹ್ನದ ಹೊತ್ತಿಗೆ ತೂತುಗಳ ಸಂಖ್ಯೆ ನಲವತ್ತಮೂರಾಯಿತು.

"ನಲವತ್ತಮೂರು ತೂತು ಇಟ್ಕೊಂಡು ಆ ಹುಡುಗ ಇಷ್ಟು ದಿನ ಹೇಗೆ ಬದುಕಿದ?" ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. ಆಮೇಲೆ ನೋಟ್‌ಬುಕ್ ತಿರುವಿ, "ಎಡ ತೋಳು ಬಾಕಿ ಇದೆ," ಎಂದರು.

"ಅದು ಬೇಡ," ಎಂದರು ಭಾವ. ಒದ್ದೆಯಾದ ಜಾಗದಲ್ಲಿ ಸೋರಿಕೆ ಏಕೆ ಇರುವುದಿಲ್ಲ ಎಂಬುದನ್ನು ಸಭೆಗೆ ವಿವರಿಸಿದರು.

ಪೇದೆ ತಲೆದೂಗಿದರು. "ಸರಿ ಮಾತು. ಕಳ್ಳನೂ ಹಾಗೇ. ಕದ್ದ ಮನೇಲೇ ಕೂತಿರಲ್ಲ."

ಬುಧವಾರ ಅಂಟಿನ ದಿನ. ಸೂಟನ್ನು ತಿರುವಿ ಒಣಗಿಸಿ, ಪ್ರತಿ ಸುತ್ತಿಗೂ ಒಳಗಿನಿಂದ ಒಂದು ರಬ್ಬರ್ ತುಂಡು ಅಂಟಿಸಬೇಕು. ಭಾವ ಧೈರ್ಯಕ್ಕಿರಲೆಂದು ಹೊರಗಿನಿಂದಲೂ ಒಂದೊಂದು ಅಂಟಿಸಿದರು. ಪೇದೆ ಹಳೆಯ ಸೈಕಲ್ ಟ್ಯೂಬು ತಂದುಕೊಟ್ಟರು. ಅದು ಸಾಲದೆ ಅಕ್ಕನ ಹಳದಿ ರೇನ್‌ಕೋಟಿಗೂ ಕತ್ತರಿ ಬಿತ್ತು. ಅಂಟಿನ ವಾಸನೆಗೆ ಇಡೀ ಕಟ್ಟಡ ತಲೆನೋವಿನಿಂದ ಮಲಗಿತು, ಆದರೆ ಒಬ್ಬರೂ ದೂರಲಿಲ್ಲ. ಗುರುವಾರ ಸಂಜೆ ಅಳಿಯ ಬಂದಾಗ ಭಾವ ಸೂಟನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಕಪ್ಪು ಸೂಟಿನ ಮೇಲೆ ಕಪ್ಪು, ಹಳದಿ ತೇಪೆಗಳು. ಅಳಿಯ ಅದನ್ನೂ ಭಾವನ ಅಂಟು ಮೆತ್ತಿದ ಬೆರಳುಗಳನ್ನೂ ನೋಡಿದ. ಏನೋ ಹೇಳಹೊರಟು, ಬಿಟ್ಟು, "ತುಂಬ ಕಷ್ಟಪಟ್ಟಿದ್ದೀರಿ ಮಾವ," ಎಂದಷ್ಟೇ ಹೇಳಿದ.

ಶುಕ್ರವಾರ ನಾವೆಲ್ಲ ಜಲಾಶಯಕ್ಕೆ ಹೋದೆವು. ನಾವೆಲ್ಲ ಎಂದರೆ ಭಾವ, ಅಕ್ಕ, ಮಗಳು, ನಾನು, ನೋಟ್‌ಬುಕ್ ಸಮೇತ ಟೀಚರಮ್ಮ, ಕಾರ್ಯದರ್ಶಿಗಳು, ಮತ್ತು ಅದು ತಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಗೊತ್ತಿದ್ದೂ ಬಂದ ಪೇದೆ. ಮೇಲ್ವಿಚಾರಕರು ಅಳಿಯನ ತೇಪೆಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮೆಟ್ಟಿಲ ಬಳಿ ಕುತ್ತಿಗೆಯ ಮಟ್ಟ ಐದು ನಿಮಿಷ ಮುಳುಗಿ ಬಾ ಎಂದರು. ಎಂಜಿನಿಯರ್ ಬರಲು ಇನ್ನೂ ಅರ್ಧ ಗಂಟೆಯಿತ್ತು.

ಐದು ನಿಮಿಷವಾಯಿತು. ಅಳಿಯ ಮೇಲೆ ಬಂದ. ಮಗಳು ಬೆನ್ನಿನ ಜಿಪ್ ಎಳೆದಳು, ಅವನು ತೋಳು ಹೊರಗೆ ತೆಗೆದ. ಮೈಯೆಲ್ಲ ಒಣಗಿತ್ತು. ಎಡಗೈ ಮಾತ್ರ ಮೊಣಕೈವರೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು.

ಟೀಚರಮ್ಮ ನೋಟ್‌ಬುಕ್ ಮುಚ್ಚಿದರು. ಮೇಲ್ವಿಚಾರಕರು ಹಗ್ಗದ ಸುರುಳಿಯನ್ನು ಎತ್ತಿ ಅಳಿಯನ ಕೈಗೆ ಕೊಡಲು ಹೊರಟರು. ಅವರದು ಕೆಟ್ಟ ಮುಖವಲ್ಲ, ಕೊಡುವುದು ಅವರಿಗೂ ಇಷ್ಟವಿರಲಿಲ್ಲ. ಭಾವನನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಅವರು ಅಷ್ಟು ಕುಗ್ಗಿ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಒಂದು ನಿಮಿಷ," ಎಂದರು ಅವರು. "ಇನ್ನೊಂದು ಸಲ ಹಾಕ್ಕೊಳಪ್ಪ. ನನ್ನ ಕಣ್ಣೆದುರಿಗೆ."

ಅಳಿಯ ಹಿಂಜರಿದ. "ಬೇಡ ಮಾವ."

"ಹಾಕ್ಕೊ."

ಅಳಿಯ ಬಲಗೈ ತೂರಿಸಿದ, ರಬ್ಬರ್ ಪಟ್ಟಿ ಮಣಿಕಟ್ಟಿಗೆ ಅಂಟಿ ಕೂತಿತು. ಎಡಗೈ ತೂರಿಸಿದ, ಪಟ್ಟಿ ಕೂರಲಿಲ್ಲ. ಒದ್ದೆ ಅಂಗಿಯ ತೋಳಿನೊಳಗಿನಿಂದ ಜಾರಿಬಂದ ಏನೋ ಒಂದು ಅದರಡಿಯಲ್ಲಿ ಗಂಟಿನಂತೆ ಉಬ್ಬಿ ನಿಂತಿತು. ಭಾವ ಬಗ್ಗಿ ರಬ್ಬರನ್ನು ಹಿಂದಕ್ಕೆ ಸರಿಸಿದರು. ದಪ್ಪ ಸ್ಟೀಲ್ ಪಟ್ಟಿಯ ಒಂದು ವಾಚು.

ಅದನ್ನು ಯಾರೂ ಅವರಿಗೆ ಗುರುತು ಹೇಳಬೇಕಾಗಿರಲಿಲ್ಲ. ಇಪ್ಪತ್ತೈದು ವರ್ಷ ಸೇವೆ ಮುಗಿಸಿದ್ದಕ್ಕೆ ಕಚೇರಿಯವರು ಅವರಿಗೆ ಕೊಟ್ಟಿದ್ದ ವಾಚು ಅದು. ಮದುವೆಯ ದಿನ ಇನ್ನೂರು ಜನರ ಎದುರು ಅದನ್ನು ತಮ್ಮ ಕೈಯಿಂದ ಬಿಚ್ಚಿ ಅಳಿಯನ ಕೈಗೆ ಕಟ್ಟಿ, "ಇದನ್ನ ಯಾವತ್ತೂ ಕೈಯಿಂದ ತೆಗೀಬೇಡಪ್ಪ. ನೀರು ಬಿದ್ರೂ ಏನೂ ಆಗಲ್ಲ," ಎಂದು ಭಾಷಣ ಮಾಡಿದ್ದರು. ಅಕ್ಕನೂ ನಾನೂ ಅಲ್ಲಿದ್ದೆವು, ಚಪ್ಪಾಳೆಯನ್ನೂ ತಟ್ಟಿದ್ದೆವು.

"ನಾನು ಎಷ್ಟು ಸಲ ಹೇಳಿದ್ದೀನಿ ಅಪ್ಪ, ವಾಚಿಗೆ ಗೀರು ಬೀಳುತ್ತೆ, ಇಳಿಯೋವಾಗಾದ್ರೂ ಬಿಚ್ಚಿಡಿ ಅಂತ," ಎಂದಳು ಮಗಳು. "ಕೇಳಲ್ಲ. ಮಾವ ತೆಗೀಬೇಡ ಅಂದಿದ್ದಾರೆ ಅಂತಾರೆ."

"ಭಾನುವಾರ ಹೇಳೋಣ ಅಂತಿದ್ದೆ," ಎಂದ ಅಳಿಯ ನೆಲ ನೋಡುತ್ತಾ. "ಆಗಲಿಲ್ಲ. ಆಮೇಲೆ ನಿನ್ನೆ ನಿಮ್ಮ ಕೈ ನೋಡಿದೆ. ಹೇಳೋಕೆ ಮನಸ್ಸು ಬರಲಿಲ್ಲ."

ಎಲ್ಲರ ಕಣ್ಣೂ ಭಾವನ ಮೇಲೆ ನೆಟ್ಟಿತು. ನಾಲ್ಕು ದಿನ ಕಟ್ಟಡವನ್ನೇ ತಲೆಕೆಳಗು ಮಾಡಿ ಹುಡುಕಿದ ಸೋರಿಕೆಯನ್ನು ಅವರೇ ತಮ್ಮ ಕೈಯಾರೆ ಕಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಜಲಾಶಯಕ್ಕೆ ಹಾರಿಬಿಡುತ್ತಿದ್ದರು. ಭಾವ ಗಂಟಲು ಸರಿಪಡಿಸಿಕೊಂಡು ಟೀಚರಮ್ಮನ ಕಡೆ ತಿರುಗಿದರು.

"ನಲವತ್ತನಾಲ್ಕು," ಎಂದರು. "ಬರ್ಕೊಳ್ಳಿ."

ಟೀಚರಮ್ಮ ಬರೆದುಕೊಂಡರು.

ಭಾವ ವಾಚನ್ನು ತಾವೇ ಬಿಚ್ಚಿ ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡರು. ಅಷ್ಟರಲ್ಲಿ ಎಂಜಿನಿಯರರ ಕಾರೂ ಬಂತು. ಅಳಿಯ ಒಣ ಅಂಗಿ ತೊಟ್ಟು, ಸೂಟು ಏರಿಸಿ, ಬಾಯಲ್ಲಿ ಉಸಿರಿನ ನಳಿಕೆ ಕಚ್ಚಿ ಇಳಿದ. ಭಾವ ವಾಚು ನೋಡಿದರು, ಹನ್ನೊಂದೂ ಹತ್ತು. ನೀರಿನ ಮೇಲೆ ಗುಳ್ಳೆಗಳು ದೂರ ಸರಿಯುತ್ತಾ ಹೋದವು. ಅಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಳು.

"ಎಷ್ಟು ಹೊತ್ತಾಯ್ತು?" ಎಂದಳು ತಡೆಯಲಾರದೆ.

ಭಾವ ನೋಡಿದರು. "ಈಗ ತಾನೆ ಇಳಿದ. ನಿನಗೆ ಗಾಬರಿ ಜಾಸ್ತಿ."

ತುಂಬ ಹೊತ್ತಿನ ಮೇಲೆ ಮಗಳು ಕೇಳಿದಳು. ಭಾವ ಮತ್ತೆ ನೋಡಿ, ಯಾರೂ ಹೆದರಬಾರದೆಂದೂ, ಕಾಯುವವರಿಗೆ ಹೊತ್ತು ಉದ್ದವಾಗಿ ಕಾಣುವುದು ಸಹಜವೆಂದೂ ಬುದ್ಧಿ ಹೇಳಿದರು. ನಾವೆಲ್ಲ ಉಗುರು ಕಚ್ಚುತ್ತಿದ್ದಾಗ ಅವರೊಬ್ಬರು ಕೈಕಟ್ಟಿ ನೆಮ್ಮದಿಯಾಗಿ ನಿಂತಿದ್ದರು. ಬಿಸಿಲು ಮಾತ್ರ ನಮ್ಮ ಬೆನ್ನಿನಿಂದ ನೆತ್ತಿಗೆ ಬಂದಿತ್ತು.

ಕೊನೆಗೆ ಅಳಿಯನ ತಲೆ ಮೇಲೆ ಬಂತು. ಜಾಲರಿ ಸ್ವಚ್ಛವಾಗಿತ್ತು, ಎಂಜಿನಿಯರು ಮೆಚ್ಚಿ ತಲೆಯಾಡಿಸಿದರು. ಮಗಳು ಜಿಪ್ ಎಳೆಯುವಷ್ಟರಲ್ಲಿ ಭಾವ ಎಡ ತೋಳಿನೊಳಗೆ ತಮ್ಮ ಕೈ ಹಾಕಿ ಹೆಗಲಿನವರೆಗೆ ಸವರಿ ನೋಡಿದರು. ಒಂದು ಹನಿಯೂ ಇರಲಿಲ್ಲ. ಮೇಲ್ವಿಚಾರಕರು ಹಗ್ಗದ ಸುರುಳಿಯನ್ನು ತಮ್ಮ ಹೆಗಲಿಗೇ ಹಾಕಿಕೊಂಡು ಪುಸ್ತಕ ತೆರೆದರು.

"ಎಷ್ಟು ಹೊತ್ತು ಕೆಳಗಿದ್ದ? ನೀವು ನೋಡ್ತಿದ್ರಲ್ಲ."

ಭಾವ ವಾಚು ನೋಡಿದರು. ಇನ್ನೊಮ್ಮೆ ನೋಡಿದರು. "ಹನ್ನೊಂದೂ ಹತ್ತಕ್ಕೆ ಇಳಿದ. ಈಗ..." ಎಂದು ನಿಲ್ಲಿಸಿ, "ಹನ್ನೊಂದೂ ಹತ್ತು," ಎಂದರು.

"ಅದು ಓಡಲ್ಲ ಮಾವ," ಎಂದ ಅಳಿಯ ಮೆಲ್ಲಗೆ. "ನೀರು ಕುಡಿದುಬಿಟ್ಟಿದೆ."

"ಯಾವಾಗ?"

"ಮದುವೆ ಆದ ಎರಡನೇ ವಾರ."

"ಮತ್ತೆ ಏಳು ತಿಂಗಳು ಯಾಕೆ ಕಟ್ಕೊಂಡಿದ್ದೆ?"

ಅಳಿಯ ಯೋಚಿಸಿದ. "ತೆಗೀಬೇಡ ಅಂದಿದ್ರಿ. ಓಡ್ತಿರಬೇಕು ಅಂತ ಏನೂ ಹೇಳಿರಲಿಲ್ಲ."

ಪೇದೆ ನಗು ತಡೆಯಲು ಬೇರೆ ಕಡೆ ತಿರುಗಿಕೊಂಡರು. ಭಾವ ಅಕ್ಕನ ಚೀಲದಿಂದ ಟವೆಲ್ ಎಳೆದುಕೊಂಡು ಅಳಿಯನ ಎಡಗೈಯನ್ನು ಹಿಡಿದು ಒರೆಸತೊಡಗಿದರು. ಕೈ ಪೂರ್ತಿ ಒಣಗಿಯೇ ಇತ್ತು. ಭಾವ ಒರೆಸುತ್ತಲೇ ಇದ್ದರು, ಅಳಿಯ ಸುಮ್ಮನೆ ನಿಂತು ಒರೆಸಿಕೊಂಡ.